ಸೊಪ್ಪಿನ ಬೆಟ್ಟವೂ ಬೇಸಗೆಯ ನೀರೂ

ರಾಜಸ್ಥಾನದ ಮರುಭೂಮಿಯಲ್ಲಿ ಮಳೆ ಬಹು ಕಡಿಮೆ. ಅಲ್ಲಿಯ ಹಳ್ಳಿಗಳವರು ಓರಣ್ ಎಂಬ ವನಗಳಲ್ಲಿ ಮರ ಕಡಿಯದೆ ಕಾಯುವರು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಮಳೆ ಹೆಚ್ಚಾದರೂ ಅದರ ಬಹುಪಾಲು ಜೂನಿನಿಂದ ಸಪ್ಟಂಬರದ ವರೆಗೆ ಸುರಿದು ಹೋಗುವದು. ಬೇಸಗೆಗೋಸ್ಕರ ಅದನ್ನು ನೆಲದಲ್ಲಿ ಹಿಡಿದಿಡುವದು ಕಾಡೇ.

ಈ ಸೀಮೆಯ ಅಡಿಕೆ ತೋಟಗಳಿಗೆ ಸೊಪ್ಪಿನ ಬೆಟ್ಟಗಳು ಉಂಟಷ್ಟೆ. ಅಲ್ಲಿಯ ಸೊಪ್ಪನ್ನು ಕೊಟ್ಟಿಗೆಯಲ್ಲಿ ಹಾಸಿದರೆ, ಅದು ಸಗಣಿಯೊಡನೆ ಕೊಳೆತು ಒಳ್ಳೇ ಗೊಬ್ಬರವಾಗುವದು. ಆದರೆ ವರುಷ ವರುಷವೂ ತುದಿಯ ತನಕ ಸವರಿದ ಮರವು ಸೊರಗುವದು; ತರಗೆಲೆಯನ್ನೆಲ್ಲಾ ಗುಡಿಸಿದ ನೆಲವು ಬೋಳಾಗುವದು. ಬೋಳು ನೆಲದಲ್ಲಿ ಮಳೆಯು ಇಂಗದೆ ಮಣ್ಣನ್ನೂ ಎಳೆದುಕೊಂಡು ಹಳ್ಳಕ್ಕೆ ಓಡುವದು. ಬೇಸಗೆಯಲ್ಲಿ ಬಾವಿ ಬತ್ತುವದು.

1983ರ ಸಪ್ಟಂಬರದಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯವರು ಕಾಡಿನ ಮರಗಳನ್ನು ಅಪ್ಪಿಕೊಂಡು ಕಡಿತವನ್ನು ತಡೆದರು. ಅಪ್ಪಿಕೋ ಚಳವಳಿಯು ಹೀಗೆ ಆರಂಭವಾಯಿತು. ಕೊಡಲಿಯು ಪರರ ಕೈಯಲ್ಲಿದ್ದಾಗ ತಡೆಯುವದು ಒಳ್ಳೇದು. ಕತ್ತಿಯು ನಮ್ಮ ಕೈಯಲ್ಲಿರುವಾಗಲೋ?

ಆಗ ಮಾಡತಕ್ಕವುಗಳು ಇವು: ತುದಿಯ ಕೊಂಬೆಗಳನ್ನು ಮುಟ್ಟಬಾರದು. ಸವರಿದ ಮರಕ್ಕೆ ಚಿಗುರಿ ಬಲಿಯುವಷ್ಟು ಕಾಲ ಬಿಡಬೇಕು. ಸತ್ತ ಮರದ ಸ್ಥಳದಲ್ಲಿ ಸಸಿ ನೆಡಬೇಕು. ತೋಟವಿಲ್ಲದವರು, ಇದು ನಮಗಲ್ಲವೆಂದು ಹೇಳದಿರಲಿ. ಬೆಟ್ಟದ ಕೆಳಗಿನ ಬಾವಿಗಳೆಲ್ಲಕ್ಕೂ ಆ ಬೆಟ್ಟದ ನೀರೇ ಇಳಿಯುವದು.