ಹೊಟ್ಟೆಯೊಳಗಿನ ಸಂಸಾರಕ್ಕೂ ಊಟ ಬೇಕು

ವಾರ್ಡಿನಲ್ಲಿ ಬಹಳಷ್ಟು ಮಂಚಗಳ ಪಕ್ಕದಲ್ಲಿ ಕಾಣುವುದು ಬ್ರೆಡ್ಡು, ಬಿಸ್ಕತ್ತು, ಗ್ಲುಕೋಸ್ ಪುಡಿ. "ಪೇಷಂಟಿಗೆ ಹಗುರ ಇರಲಿ ಅಂತ ತಂದೀವ್ರಿ ಸಿಸ್ಟರ್" ಎನ್ನುತ್ತಾರೆ ಮನೆಯವರು. ಒಂದೆರಡು ದಿನಕ್ಕೆ ಆಗಬಹುದು. ಆದರೆ ಮನೆಗೆ ಹೋದ ಮೇಲೂ ತಿಂಗಳುಗಟ್ಟಲೆ ಅದೇ ನಡೆದರೆ ನಿಮ್ಮ ಕರುಳಿನಲ್ಲಿರುವ ದೊಡ್ಡ ಸಂಸಾರವೊಂದು ಉಪವಾಸ ಬೀಳುತ್ತದೆ.

ಆ ಸಂಸಾರವೇ ಬ್ಯಾಕ್ಟೀರಿಯಾ. ಹೆಸರು ಕೇಳಿ ಹೆದರಬೇಡಿ. ನಮ್ಮ ದೇಹದಲ್ಲಿ ಎಷ್ಟು ಜೀವಕೋಶಗಳಿವೆಯೋ ಹೆಚ್ಚುಕಡಿಮೆ ಅಷ್ಟೇ ಬ್ಯಾಕ್ಟೀರಿಯಾಗಳೂ ಇವೆ, ಬಹುಪಾಲು ದೊಡ್ಡ ಕರುಳಿನಲ್ಲಿ. ಕಾಳು, ಸೊಪ್ಪು, ರೊಟ್ಟಿಯಲ್ಲಿರುವ ನಾರಿನಂಶ ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ಅಲ್ಲಿಗೆ ಇಳಿಯುತ್ತದೆ. ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಬ್ಯುಟಿರೇಟ್ ಎಂಬ ಆಮ್ಲವನ್ನು ತಯಾರಿಸುತ್ತವೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಇದೇ ಮುಖ್ಯ ಆಹಾರ. ನಾರು ಸಿಗದಿದ್ದಾಗ ಕೆಲವು ಬ್ಯಾಕ್ಟೀರಿಯಾಗಳು ಕರುಳನ್ನು ಕಾಯುವ ಲೋಳೆಯ ಪದರವನ್ನೇ ತಿನ್ನತೊಡಗುವುದು ಇಲಿಗಳ ಮೇಲಿನ ಪ್ರಯೋಗದಲ್ಲಿ ಕಂಡಿದೆ.

ಮನುಷ್ಯರಲ್ಲೂ ಬದಲಾವಣೆಗೆ ಹೆಚ್ಚು ದಿನ ಬೇಕಿಲ್ಲ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆಫ್ರಿಕನ್ ಮೂಲದ 20 ಅಮೆರಿಕನ್ನರಿಗೆ ದಕ್ಷಿಣ ಆಫ್ರಿಕದ ಹಳ್ಳಿಯ ನಾರು ಹೆಚ್ಚಿರುವ ಊಟವನ್ನು, ಆ ಹಳ್ಳಿಯ ಕಡೆಯ 20 ಜನರಿಗೆ ಅಮೆರಿಕದ ಜಿಡ್ಡಿನ ಊಟವನ್ನು ಕೊಟ್ಟರು. ಎರಡೇ ವಾರದಲ್ಲಿ ಅಮೆರಿಕದವರ ಕರುಳಿನ ಉರಿಯೂತ ಇಳಿದು ಬ್ಯುಟಿರೇಟ್ ಹೆಚ್ಚಿತು. ಹಳ್ಳಿಯವರಲ್ಲಿ ಇದಕ್ಕೆ ವಿರುದ್ಧವಾಯಿತು.

ನಮ್ಮ ಕಡೆ ದೂರ ಹುಡುಕಬೇಕಾಗಿಲ್ಲ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದೆ. ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಮೆಂತ್ಯೆ ಸೊಪ್ಪು, ಹಸಿ ಸೌತೆಕಾಯಿ, ಅಗಸಿ ಚಟ್ನಿ ಇದ್ದರೆ ಅಷ್ಟು ನಾರು ಕಷ್ಟವಿಲ್ಲದೆ ಸಿಗುತ್ತದೆ. ಮಜ್ಜಿಗೆ ಒಳ್ಳೆಯದೇ, ಆದರೆ ನಾರಿಲ್ಲದೆ ಬರೀ ಮಜ್ಜಿಗೆ ಸಾಲದು.

ರೊಟ್ಟಿ ಬಿಟ್ಟು ಬಹಳ ದಿನವಾಗಿದ್ದರೆ ಒಮ್ಮೆಲೇ ಹೆಚ್ಚಿಸಬೇಡಿ, ಹೊಟ್ಟೆ ಉಬ್ಬರಿಸುತ್ತದೆ. ವಾರ ವಾರ ಸ್ವಲ್ಪ ಸ್ವಲ್ಪ ಹೆಚ್ಚಿಸಿ, ನೀರು ಚೆನ್ನಾಗಿ ಕುಡಿಯಿರಿ. ಕರುಳಿನ ಆಪರೇಷನ್ ಆದವರು, ಕಿಡ್ನಿ ತೊಂದರೆಯವರು, ನೀರು ಕಡಿಮೆ ಕುಡಿಯಲು ಹೇಳಿಸಿಕೊಂಡವರು ವೈದ್ಯರನ್ನು ಕೇಳದೆ ಊಟ ಬದಲಿಸಬಾರದು.

ಇನ್ನೊಂದು ಮಾತು. ಆಂಟಿಬಯೋಟಿಕ್ ಗುಳಿಗೆ ರೋಗಾಣುವಿನ ಜೊತೆ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಹಾಗೆಂದು ವೈದ್ಯರು ಬರೆದ ಕೋರ್ಸನ್ನು ನೀವಾಗಿ ನಿಲ್ಲಿಸಬೇಡಿ. ನೆಗಡಿಗೆಲ್ಲ ಅಂಗಡಿಯಿಂದ ತಂದು ನುಂಗಲೂಬೇಡಿ. ಗುಳಿಗೆ ನುಂಗುವಾಗ ಇಲ್ಲವೇ ಮುಗಿದ ನಂತರ ಭೇದಿ ನಿಲ್ಲದಿದ್ದರೆ, ಜ್ವರ ಬಂದರೆ, ಮಲದಲ್ಲಿ ರಕ್ತ ಕಂಡರೆ, ಡಿಸ್ಚಾರ್ಜ್ ಚೀಟಿ ಹಿಡಿದುಕೊಂಡು ಅದೇ ದಿನ ಆಸ್ಪತ್ರೆಗೆ ಬನ್ನಿ.