ಫೋಟೊ ತೆಗೆದ ಮಾತ್ರಕ್ಕೆ ಪೀಕು ದಾಖಲಾಗುವುದಿಲ್ಲ

ಅಕ್ಕಲಕೋಟ ತಾಲೂಕಿನಲ್ಲಿ ಹೊಲವಿದ್ದು, ಮಕ್ಕಳು ಸೊಲ್ಲಾಪುರ, ಪುಣೆ ಸೇರಿರುವ ಮನೆಗಳವರು ಇದನ್ನು ಓದಬೇಕು. ನಾನು ಸೊಲ್ಲಾಪುರದ ನವಿ ಪೇಠದ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೇನೆ. ಊರಲ್ಲಿ ಅಪ್ಪ, ಅವ್ವ ಇಬ್ಬರೇ. ಅಪ್ಪನ ಹತ್ತಿರ ಗುಂಡಿ ಒತ್ತುವ ಫೋನು.

ಮೊದಲೆಲ್ಲ ತಲಾಠಿ ಪೀಕು ನೋಡಿ ಸಾತಬಾರಾ ಉತಾರದಲ್ಲಿ ಬರೆಯುತ್ತಿದ್ದರು. 2021ರ ಆಗಸ್ಟ್ 15ರಿಂದ ಆ ಕೆಲಸ ‘ಇ-ಪೀಕ ಪಾಹಣಿ’ ಆ್ಯಪಿನ ಮೂಲಕ ರೈತನ ಹೆಗಲಿಗೆ ಬಂತು. ಪೀಕಿನ ಆ ನಮೂದು ಇಲ್ಲದಿದ್ದರೆ ಸರಕಾರಿ ತೊಗರಿ ಖರೀದಿಯಿಂದ ಹಿಡಿದು ಪೀಕು ವಿಮೆ, ಅತಿವೃಷ್ಟಿ ಪರಿಹಾರದವರೆಗೆ ಎಲ್ಲ ಕಡೆ ತೊಡಕು.

ನನ್ನ ತಮ್ಮ ಹಬ್ಬಕ್ಕೆ ಬಂದಾಗ ಹೊಲಕ್ಕೆ ಹೋಗಿ ಫೋಟೊ ತೆಗೆದ. “ಮಾಡೇನ್ರಿ ಅಪ್ಪಾ, ಚಿಂತಿ ಬಿಡ್ರಿ” ಎಂದು ಪುಣೆಗೆ ನಡೆದ. ಹೊಲದಲ್ಲಿ ರೇಂಜ್ ಇರಲಿಲ್ಲ. ತುಂಬಿದ ಮಾಹಿತಿ ಅವನ ಫೋನಿನಲ್ಲೇ ಉಳಿದಿತ್ತು. ರೇಂಜ್ ಇದ್ದಲ್ಲಿ ಬಂದು ‘ಅಪಲೋಡ್’ ಒತ್ತುವಷ್ಟು ತಾಳ್ಮೆ ಅವನಿಗಿರಲಿಲ್ಲ. ಆಮೇಲೆ ಆ ಫೋನನ್ನೇ ಬದಲಾಯಿಸಿದ. ಗಡುವಿನ ಕೊನೆಯ ದಿನ ನಾನು ಅಂಗಡಿಯಲ್ಲಿ ಕೂತು ಆ್ಯಪ್ ತೆಗೆದು ನೋಡಿದರೆ, ಪಾಹಣಿ ಆದವರ ಯಾದಿಯಲ್ಲಿ ಅಪ್ಪನ ಹೆಸರೇ ಇಲ್ಲ. ತಲಾಠಿ ಕಚೇರಿಗೆ ಫೋನು ಹಚ್ಚಿದೆ. “ಆ್ಯಪಿನಾಗ ಇಲ್ಲಂದ್ರ ನಮ್ಮ ಕೈಯಾಗ ಏನೂ ಇಲ್ಲ” ಅಂದು ಇಟ್ಟರು. ಎಪ್ಪತ್ತು ದಾಟಿದ ರೈತನ ವಿಷಯದಲ್ಲಿ ಇಷ್ಟು ಸುಲಭಕ್ಕೆ ಕೈ ತೊಳೆದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ.

ಅಂದೇ ಹೊರಟು, ಓಟಿಪಿ ತಗೊಂಡು ಖಾತೆ ನೋಂದಾಯಿಸುವ ಕೆಲಸವನ್ನು ಅಕ್ಕಲಕೋಟ ಬಸ್‌ಸ್ಟ್ಯಾಂಡಿನಲ್ಲೇ ಮುಗಿಸಿ ಊರಿಗೆ ಹೋದೆ. ಅಪ್ಪನ ಜೊತೆ ಹೊಲ ಮುಟ್ಟುವಾಗ ಸಂಜೆಯಾಗಿತ್ತು. ಮಳೆ ಬಿದ್ದು ಎರೆಮಣ್ಣು ಚಪ್ಪಲಿಯನ್ನು ಬಿಡುತ್ತಿರಲಿಲ್ಲ. ಚಪ್ಪಲಿ ಬದುವಿನ ಮೇಲೆ ಬಿಟ್ಟು ಇಳಿದೆವು. ಗಟ್ ನಂಬರ್, ತೊಗರಿ, ಕ್ಷೇತ್ರ, ಬಿತ್ತಿದ ದಿನಾಂಕ ಎಲ್ಲ ತುಂಬಿದೆ. ಆ್ಯಪು ‘ನೀವು ಗಟ್‌ನಿಂದ ದೂರ ಇದ್ದೀರಿ’ ಎಂದು ಮರಾಠಿಯಲ್ಲಿ ಹೇಳಿತು. ಅಪ್ಪ ಕನ್ನಡ ಸಾಲಿ ಕಲಿತವರು, ಓದಿ ಹೇಳಿದೆ. “ನನ್ನ ಹೊಲದಾಗ ನಾ ನಿಂತೀನಿ. ಇದಕ್ಕ ಇನ್ನೇನ ತೋರಸಬೇಕು?” ಅಂದರು. ದನಿ ನಡುಗುತ್ತಿತ್ತು. ಸಾಲು ಹಿಡಿದು ನಟ್ಟನಡುವೆ ಹೋದೆವು. ಒದ್ದೆ ಎಲೆ ಪರದೆಗೆ ಬಡಿದು ನೀರಾಗಿ, ಬೆರಳು ಒತ್ತಿದ್ದು ತಿಳಿಯದು. ಅಪ್ಪ ಧೋತರದ ಸೆರಗಿನಿಂದ ಒರೆಸುತ್ತ ನಿಂತರು, ಬೆಳಕು ಇಳಿಯುತ್ತಿತ್ತು. ಫೋಟೊ ಹಿಡಿಯುವ ಹೊತ್ತಿಗೆ ಗಿಡದ ಹಸಿರು ಕಪ್ಪಾಗಿತ್ತು. ಅಲ್ಲಿಂದ ಡಾಂಬರು ರಸ್ತೆಗೆ ಬಂದು, ರೇಂಜ್ ಸಿಕ್ಕ ಮೇಲೆ ಅಪಲೋಡ್ ಆಯಿತು. ಉತಾರದಲ್ಲಿ ತೊಗರಿ ಬಂದಿದೆ. ಆ ಕೆಲಸ ಮಾಡಿದ ಹೆಮ್ಮೆ ನನಗಿದೆ. ತಮ್ಮನ ಮೇಲಿನ ಸಿಟ್ಟು ಮಾತ್ರ ಇಳಿದಿಲ್ಲ.

ನೋಂದಣಿ ರೇಂಜ್ ಇರುವಲ್ಲಿ ಮಾಡಿಕೊಳ್ಳಿ, ಫೋಟೊ ಹೊಲದ ನಡುವೆ ತೆಗೆಯಿರಿ, ಅಪಲೋಡ್ ಆಗದೆ ಮನೆಗೆ ಹೋಗಬೇಡಿ. ಯಾದಿಯಲ್ಲಿ ಹೆಸರು ನೋಡಿದ ಮೇಲಷ್ಟೇ ನಂಬಿ. ಕನ್ನಡ ಶಾಲೆಗಳು ಇಷ್ಟಿರುವ ತಾಲೂಕಿಗೆ ಆ್ಯಪು ಕನ್ನಡದಲ್ಲೂ ಮಾತಾಡಬೇಕು, ಇದನ್ನು ಕೇಳುವ ಹಕ್ಕು ನಮಗಿದೆ. ಒಂದೇ ಫೋನಿನಿಂದ ಹಲವು ಖಾತೆದಾರರ ನೋಂದಣಿ ಆಗುತ್ತದೆ. ಹಾಗಾಗಿ ನಮ್ಮ ಹಿಂಗಾರಿ ಕಡಲೆಯ ಪಾಹಣಿಯನ್ನು ನೆರೆಹೊಲದವರ ಹತ್ತನೇ ಇಯತ್ತೆ ಓದುವ ಮಗಳು ಮಾಡಿಕೊಡುತ್ತೇನೆಂದಿದ್ದಾಳೆ. ಪುಣೆಯವನಿಗೆ ನಾನು ಹೇಳುವುದಿಲ್ಲ.