ರೈಟು ಬೀಳದ ಸಾಲು

ನಮ್ಮನೆಯವರು ಹೋಗಿ ಈ ದೀಪಾವಳಿಗೆ ಎರಡು ವರ್ಷವಾಯಿತು. ಫೋಟೋಗೆ ಹಾರ ಹಾಕುವಾಗ ತಡೆದುಕೊಳ್ಳುತ್ತೇನೆ. ಅವರ ಲೆಕ್ಕದ ಪುಸ್ತಕ ಕೈಗೆತ್ತಿಕೊಂಡರೆ ಮಾತ್ರ ಇವತ್ತಿಗೂ ಕಣ್ಣು ತುಂಬುತ್ತದೆ. ಉದ್ದನೆಯ ನೋಟ್‌ಬುಕ್ಕು. ಮೂಲೆಗಳಲ್ಲಿ ಮಗ್ಗದ ಎಣ್ಣೆಯ ಕಲೆ, ಹಾಳೆಗಳ ನಡುವೆ ಹತ್ತಿಯ ಸಣ್ಣ ಧೂಳು. ಅಕ್ಷರ ತಮಿಳು, ಮಾತು ಕನ್ನಡ. ಸೋಮನೂರಿನ ನಮ್ಮ ದೇವಾಂಗರ ಮನೆಗಳಲ್ಲಿ ತಲೆಮಾರುಗಳಿಂದ ಕನ್ನಡವೇ ಮನೆಮಾತು, ಓದಿದ್ದೆಲ್ಲ ತಮಿಳು. 2003ರಲ್ಲಿ ದೊಡ್ಡಬಳ್ಳಾಪುರದಿಂದ ಮದುವೆಯಾಗಿ ಬಂದ ನಾನು ತಮಿಳು ಅಕ್ಷರ ಕಲಿತದ್ದೇ ಈ ಪುಸ್ತಕ ಓದಲು.

ಅವರದು ಒಂದೇ ಪದ್ಧತಿ. ಕೊಡಬೇಕಾದ್ದನ್ನು ಮೊದಲು ಬರೆಯುವುದು, ಕೊಟ್ಟ ಮೇಲೆ ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ ರೈಟು ಹಾಕುವುದು. ರೈಟು ಬೀಳುವವರೆಗೂ ಅವರಿಗೆ ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ.

ಎಂಟು ಕೂಲಿ ಮಗ್ಗದ ಸಂಸಾರ ನಮ್ಮದು. ಜವಳಿ ವ್ಯಾಪಾರಿ ನೂಲು ಕೊಡುತ್ತಾನೆ, ನಾವು ನೇಯ್ದು ಕೊಟ್ಟು ಮೀಟರಿಗಿಷ್ಟು ಎಂದು ಕೂಲಿ ತೆಗೆದುಕೊಳ್ಳುತ್ತೇವೆ. ಒಪ್ಪಿದ ಕೂಲಿ ಏರಿಕೆ ಸಿಗದೆ 2022ರ ಜನವರಿಯಲ್ಲಿ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕೂಲಿ ಮಗ್ಗಗಳೆಲ್ಲ ಮುಷ್ಕರ ಹೂಡಿ ನಿಂತವು. ಆ ದಿನಗಳ ಪುಟ ನೋಡಿದರೆ ‘ಬಂದದ್ದು’ ಎಂಬ ಕಡೆ ಬರೀ ಬಿಳಿ ಕಾಗದ. ‘ಹೋದದ್ದು’ ಎಂಬ ಕಡೆ ಅಕ್ಕಿ, ಅಮ್ಮನ ಬಿಪಿ ಮಾತ್ರೆ, ಪಾಲಿಸಿ ಕಂತು. ಮೂರಕ್ಕೂ ರೈಟು ಬಿದ್ದಿದೆ. 2023ರಲ್ಲಿ ವಿದ್ಯುತ್ ಮಗ್ಗಗಳಿಗೆ ಎರಡು ತಿಂಗಳಿಗೆ ಸಿಗುವ ಉಚಿತ ಕರೆಂಟು 750 ಯೂನಿಟ್‌ನಿಂದ 1000ಕ್ಕೆ ಏರಿತು. ಮುಂದಿನ ಬಿಲ್ಲಿನಲ್ಲಿ ಉಳಿದದ್ದನ್ನು ಅವರು ಬೇರೆ ಸಾಲಿನಲ್ಲಿ ಬರೆದಿದ್ದಾರೆ: ‘ಪಾಪು ಕಾಲೇಜು’. ಮಗಳಿಗೆ ಆಗ ಹತ್ತೊಂಬತ್ತು. ಅಪ್ಪನ ಲೆಕ್ಕದಲ್ಲಿ ಅವಳು ಕೊನೆಯವರೆಗೂ ಪಾಪುವೇ.

ಅದೇ ವರ್ಷ ವಿಜಯದಶಮಿಗೆ ಕೊಯಮತ್ತೂರಿನ ರಾಮಲಿಂಗ ಚೌಡೇಶ್ವರಿ ಗುಡಿಯ ಅಲಗು ಸೇವೆಗೆ ಹೋಗಿ ಬಂದರು. ಮಗ್ಗಗಳಿಗೆ ಇಟ್ಟ ಆಯುಧಪೂಜೆಯ ಕುಂಕುಮ ಇನ್ನೂ ಹಾಗೇ ಇತ್ತು. ಅಕ್ಟೋಬರ್ ಕೊನೆಯ ಒಂದು ಬೆಳಗಿನ ಜಾವ ಎದೆ ಹಿಡಿದುಕೊಂಡು ಕೂತರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರಿಗೆ ಐವತ್ತೊಂದು.

ಆಮೇಲಿನ ಒಂದು ವರ್ಷದಲ್ಲಿ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತೇನೆ. ಇದು ನನ್ನ ತಂಗಿಯರಂಥವರ ಕಿವಿಗೆ ಬೀಳಬೇಕು. ಅವರು ಬರೆದಿಟ್ಟದ್ದೆಲ್ಲ ನಮ್ಮ ಕೈಸೇರಿತು. ಮನಸ್ಸಿನಲ್ಲಿಟ್ಟುಕೊಂಡದ್ದು ಅವರ ಜೊತೆಗೇ ಹೋಯಿತು.

ನಮಗೆ ಎರಡು ಬ್ಯಾಂಕ್ ಖಾತೆ. ಒಂದು ಇಬ್ಬರ ಹೆಸರಿನಲ್ಲಿ, ‘ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು’ ಎಂಬ ಷರತ್ತಿನದು. ಮರಣ ಪತ್ರ ಕೊಟ್ಟೆ, ಹಣ ತೆಗೆಯಲು ಅಡ್ಡಿಯಾಗಲಿಲ್ಲ. ತಿಥಿಯ ಖರ್ಚು, ಮಗ್ಗದ ಹುಡುಗರ ವಾರದ ಸಂಬಳ ಅದರಿಂದಲೇ ನಡೆಯಿತು. ಇನ್ನೊಂದು ಅವರೊಬ್ಬರದೇ, ಕೂಲಿ ಹಣ ಬೀಳುವ ಖಾತೆ. ನಾಮಿನಿ ಇರಲಿಲ್ಲ. ಅದಕ್ಕೆ ವಾರಸುದಾರರ ಪ್ರಮಾಣಪತ್ರ ಬೇಕೆಂದರು. ತಮಿಳುನಾಡಿನಲ್ಲಿ ಅದನ್ನು ತಹಶೀಲ್ದಾರರು ಕೊಡುತ್ತಾರೆ, ಇ-ಸೇವೆ ಕೇಂದ್ರದಲ್ಲಿ ಅರ್ಜಿ ಹಾಕಬೇಕು. ನನ್ನ ಅರ್ಜಿ ಹೆಸರಿನ ಹತ್ತಿರವೇ ನಿಂತಿತು. ಕರ್ನಾಟಕದ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನನಗೆ ಅಪ್ಪನ ಇನಿಷಿಯಲ್ಲು, ಇಲ್ಲಿನ ರೇಷನ್ ಕಾರ್ಡಿನಲ್ಲಿ ಗಂಡನದು. ಸಾಲದ್ದಕ್ಕೆ, ಗ ಮತ್ತು ಕ ಎರಡಕ್ಕೂ ಒಂದೇ ಅಕ್ಷರವಿರುವ ತಮಿಳಿನ ಮೂಲಕ ಹಾದು ನನ್ನ ಹೆಸರಿನ ಗಕಾರ ಆಧಾರ್‌ನಲ್ಲಿ ಕಕಾರವಾಗಿ ಕೂತಿತ್ತು. ಎರಡೂ ಹೆಸರು ನನ್ನದೇ ಎಂದು ನೋಟರಿ ಮುಂದೆ ಅಫಿಡವಿಟ್ ಮಾಡಿಸಿ ತಂದು, ಹಣ ಕೈಗೆ ಬರುವಷ್ಟರಲ್ಲಿ ಐದು ತಿಂಗಳು. ಅಷ್ಟು ದಿನ ನನ್ನ ಎರಡು ಬಳೆ ಅಡವಿನಲ್ಲಿದ್ದವು. ಗಡಿ ದಾಟಿ ಮದುವೆಯಾದ ಹೆಣ್ಣುಮಕ್ಕಳೇ, ನಿಮ್ಮ ಕಾಗದಗಳನ್ನೆಲ್ಲ ಒಂದು ಸಲ ಪಕ್ಕಪಕ್ಕ ಇಟ್ಟು ನೋಡಿ. ಹೆಸರು ಹೊಂದದಿದ್ದರೆ ಈಗಲೇ ಸರಿಪಡಿಸಿಕೊಳ್ಳಿ.

ಪಾಲಿಸಿಯ ಕಥೆ ಬೇರೆ. 2001ರಲ್ಲಿ, ಮದುವೆಗೆ ಮೊದಲು, ಅವರು ಮಾಡಿಸಿದ ಒಂದು ಲಕ್ಷದ ಪಾಲಿಸಿ ಅದು. ನಾಮಿನಿ ಅವರ ತಮ್ಮ. ಆಮೇಲೆ ನಾನು ಬಂದೆ, ಮಕ್ಕಳಾದರು, ಹೆಸರು ಬದಲಾಗಲಿಲ್ಲ. ಬೋನಸ್ ಸೇರಿ ಎರಡು ಲಕ್ಷ ಚಿಲ್ಲರೆ ನನ್ನ ಮೈದುನನ ಖಾತೆಗೆ ಬಂತು. ಅವರ ಡಿಪ್ಲೊಮಾ ಫೀಸು ಕಟ್ಟಿದ್ದು ಅಣ್ಣನೇ. ಆ ಸಾಲುಗಳೂ ಹಳೆಯ ಪುಸ್ತಕದಲ್ಲಿವೆ. ಮಾರನೆಯ ದಿನವೇ ಅವರು ಮನೆಗೆ ಬಂದು, ಚೆಕ್ಕನ್ನು ನಮ್ಮತ್ತೆಯ ಮುಂದಿಟ್ಟು, “ಅತ್ತಿಗೆ, ಇದು ನಂದಲ್ಲ. ಅಣ್ಣ ಹೆಸರು ಬದ್ಲಾಯ್ಸೋದು ಮರ್ತಿದ್ದ, ಅಷ್ಟೇ” ಎಂದರು.

ಕಾನೂನೂ ಅವರು ಹೇಳಿದ್ದನ್ನೇ ಹೇಳುತ್ತದೆ. ನಾಮಿನಿ ಹಣ ಇಸಿದುಕೊಳ್ಳುವವರು, ಒಡೆತನ ವಾರಸುದಾರರದು. ವಿಮಾ ಕಾಯ್ದೆಗೆ 2015ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಹೆಂಡತಿ ಅಥವಾ ಗಂಡ, ಮಕ್ಕಳು, ತಂದೆತಾಯಿ ನಾಮಿನಿಯಾಗಿದ್ದರೆ ಮಾತ್ರ ಆ ಹಣ ಅವರಿಗೇ ಸೇರುತ್ತದೆ. ತಮ್ಮ, ಅಣ್ಣ, ಅಳಿಯ ಆ ಪಟ್ಟಿಯಲ್ಲಿಲ್ಲ. ಆದರೆ ನಾಮಿನಿ ಕೊಡುವುದಿಲ್ಲ ಎಂದು ಕೂತರೆ ಕೋರ್ಟಿನ ಮೆಟ್ಟಿಲು ಹತ್ತಬೇಕಾದವರು ನಾವು. ನನ್ನ ಮೈದುನನಂಥವರು ಎಲ್ಲರ ಮನೆಯಲ್ಲೂ ಇರುತ್ತಾರೆಂದು ನಂಬಿ ಕೂರುವ ಹಾಗಿಲ್ಲ. ಮದುವೆಯಾದ ವಾರವೇ ನಾಮಿನಿ ಬದಲಾಯಿಸಿ.

ಆ ದಿನ ಇನ್ನೊಂದು ವಿಷಯವೂ ತಿಳಿಯಿತು. ಉಯಿಲು ಬರೆಯದೆ ಗಂಡಸು ಹೋದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಮಕ್ಕಳ ಜೊತೆ ಹೆತ್ತ ತಾಯಿಗೂ ಸಮಪಾಲು. ನಾನು, ಮಗಳು, ಮಗ, ಅತ್ತೆ, ಒಟ್ಟು ನಾಲ್ಕು ಪಾಲು. “ಅಮ್ಮನಿಗೆ ಈ ವಯಸ್ಸಲ್ಲಿ ಯಾಕೆ ದುಡ್ಡು” ಎಂದವರು ನೆಂಟರಲ್ಲೇ ಇದ್ದರು. ನನಗೆ ಮನಸ್ಸೊಪ್ಪಲಿಲ್ಲ. ಅತ್ತೆಯ ಪಾಲಿನ 50,000 ರೂಪಾಯಿಯನ್ನು ಪೋಸ್ಟಾಫೀಸಿನ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಅವರ ಹೆಸರಿಗೇ ಹಾಕಿದೆ. ಶೇ 8.2 ಬಡ್ಡಿಯಲ್ಲಿ ಮೂರು ತಿಂಗಳಿಗೊಮ್ಮೆ 1,025 ರೂಪಾಯಿ ಬರುತ್ತದೆ. ತಂದು ಕೊಟ್ಟಾಗಲೆಲ್ಲ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಳ್ಳುತ್ತಾರೆ. “ಮಗ ಕಳಿಸವ್ನೆ” ಅನ್ನುತ್ತಾರೆ.

ಇನ್ನು ಪಾಸ್‌ಬುಕ್ಕಿನ ಒಂದು ಸಾಲು. ಮೇ ತಿಂಗಳಲ್ಲಿ 436 ರೂಪಾಯಿ ಕಳೆದಿತ್ತು. ನಾನು ಬ್ಯಾಂಕಿನ ಚಾರ್ಜು ಅಂದುಕೊಂಡಿದ್ದೆ. ಪಾಸ್‌ಬುಕ್ ನೋಡಿದ ಕೌಂಟರಿನ ಹುಡುಗಿ, “ಅಕ್ಕಾ, ಇದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆ. ಎರಡು ಲಕ್ಷ ಬರುತ್ತೆ” ಎಂದಳು. 2015ರಲ್ಲಿ ಶುರುವಾದ ಈ ವಿಮೆಗೆ 18ರಿಂದ 50 ವಯಸ್ಸಿನೊಳಗೆ ಸೇರಬೇಕು. ವರ್ಷಾವರ್ಷ ಕಟ್ಟುತ್ತಿದ್ದರೆ 55ರವರೆಗೆ ರಕ್ಷಣೆ ಇರುತ್ತದೆ. ಇದರಲ್ಲಿ ನಾಮಿನಿ ನಾನೇ ಆಗಿದ್ದೆ. ಮಗಳ ಕಾಲೇಜು ನಿಲ್ಲದೆ ಮುಂದುವರಿದದ್ದು ಆ ಹಣದಿಂದ. ಆ ಹುಡುಗಿ ಕಣ್ಣು ಹಾಯಿಸದಿದ್ದರೆ ನಾನು ಕೇಳುತ್ತಲೇ ಇರಲಿಲ್ಲ. ನಿಮ್ಮ ಮನೆಯ ಪಾಸ್‌ಬುಕ್ಕಿನಲ್ಲೂ ಮೇ ತಿಂಗಳ ಪುಟ ತೆಗೆದು ನೋಡಿ. 436 ಇದ್ದರೆ ಇದು. 20 ರೂಪಾಯಿ ಇದ್ದರೆ ಅಪಘಾತಕ್ಕೆ ಎರಡು ಲಕ್ಷದ ಸುರಕ್ಷಾ ಬಿಮಾ. ಗಂಡ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿದ್ದು ಪಿ.ಎಫ್. ಕಟ್ಟುತ್ತಿದ್ದರೆ, ಅದರ ಜೊತೆಗೇ ಬರುವ ಇ.ಡಿ.ಎಲ್.ಐ. ವಿಮೆಯಲ್ಲಿ ಏಳು ಲಕ್ಷದವರೆಗೆ ಸಿಗುತ್ತದೆ. ಅದಕ್ಕೆ ಕಾರ್ಮಿಕರು ಒಂದು ಪೈಸೆಯೂ ಕಟ್ಟುವುದಿಲ್ಲ. ಹಾಗಾಗಿಯೇ ಎಷ್ಟೋ ಮನೆಗಳಿಗೆ ಅದು ಇರುವುದೇ ಗೊತ್ತಿಲ್ಲ.

ಸಾಲದ ವಿಷಯಕ್ಕೆ ಬರುತ್ತೇನೆ. ಹದಿನಾರನೇ ದಿನ ಮುಗಿದ ಮೇಲೆ ಬಿಡಿಭಾಗದ ಅಂಗಡಿಯವರೊಬ್ಬರು 35,000 ಬಾಕಿ ಇದೆ ಎಂದು ಬಂದರು. ಪುಸ್ತಕ ತೆಗೆದೆ. ತಾರೀಕು ಸಮೇತ ಕೆಂಪು ರೈಟು ಬಿದ್ದಿತ್ತು. ಅವರೂ ತಮ್ಮ ಚೀಟಿ ಮತ್ತೊಮ್ಮೆ ನೋಡಿ ಕೈಮುಗಿದು ಹೋದರು. ಇವರು ಕೊಟ್ಟ ಕೈಗಡಗಳದು ಮಾತ್ರ ತಿರುಗುಮುರುಗು. “ಅವನ ಹತ್ತಿರ ಹೇಗೆ ಬರೆಸಿಕೊಳ್ಳುವುದು” ಎಂಬ ದಾಕ್ಷಿಣ್ಯ ಅವರದು. ಒಂದನ್ನೂ ಬರೆದಿರಲಿಲ್ಲ, ಒಂದೂ ತಿರುಗಿ ಬರಲಿಲ್ಲ. ಗಂಡನ ಸಾಲಕ್ಕೆ ಹೆದರಿ ಕೂತ ಹೆಂಗಸರಿಗೆ ಒಂದು ಮಾತು. ವಾರಸುದಾರರ ಹೊಣೆ ಅವರಿಂದ ನಮಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ. ನೀವೇ ಜಾಮೀನು ಹಾಕಿರದಿದ್ದರೆ ನಿಮ್ಮ ಸ್ವಂತ ದುಡಿಮೆಯಿಂದ ತೀರಿಸಬೇಕಾಗಿಲ್ಲ. ಮಗ್ಗ, ಅಂಗಡಿ ಇಟ್ಟುಕೊಂಡು ಸಾಲದಲ್ಲೇ ವ್ಯವಹಾರ ನಡೆಸುವ ಗಂಡಸರು ಹೊಸ ಪಾಲಿಸಿ ಮಾಡಿಸುವಾಗ 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಮಾಡಿಸುವುದು ಒಳ್ಳೆಯದು. ಆ ಹಣ ಹೆಂಡತಿ ಮಕ್ಕಳಿಗೆ ಮೀಸಲು. ಸಾಲ ಕೊಟ್ಟವರು ಅದಕ್ಕೆ ಕೈ ಹಾಕುವಂತಿಲ್ಲ.

ನನಗಾದ ಅಲೆದಾಟ ಈಗ ಸ್ವಲ್ಪ ಕಡಿಮೆಯಾಗಬಹುದು. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ಕು ಜನರವರೆಗೆ ನಾಮಿನಿ ಬರೆಸಬಹುದು, ಯಾರಿಗೆಷ್ಟು ಎಂದೂ ಹೇಳಬಹುದು. ತಾಯಿ, ಹೆಂಡತಿ, ಮಕ್ಕಳು ಎಲ್ಲರೂ ಇರುವ ನಮ್ಮಂಥ ಮನೆಗೆ ಹೇಳಿ ಮಾಡಿಸಿದ ಅನುಕೂಲ. ಆದರೂ ಫಾರಂ ತುಂಬಿ ಸಹಿ ಹಾಕಬೇಕಾದವರು ಬದುಕಿರುವವರೇ. ಇವತ್ತು ಸಂಜೆ ಊಟಕ್ಕೆ ಮುಂಚೆ ಗಂಡಹೆಂಡತಿ ಒಟ್ಟಿಗೆ ಕೂತು ಒಂದು ಹಾಳೆ ಬರೆಯಿರಿ. ಖಾತೆ ಎಲ್ಲೆಲ್ಲಿ, ನಾಮಿನಿ ಯಾರು, ವಿಮೆ ಯಾವುದು, ಕೊಡಬೇಕಾದ್ದೆಷ್ಟು, ಬರಬೇಕಾದ್ದೆಷ್ಟು, ಚಿನ್ನ ಎಲ್ಲಿ ಅಡವಿದೆ, ಮನೆಪತ್ರ ಯಾರ ಹತ್ತಿರ. ಸಾವಿನ ಮಾತು ಅಪಶಕುನವೆಂದು ಹಿಂದೇಟು ಹಾಕಬೇಡಿ. ನಮ್ಮನೆಯವರು ಬರೆದ ಒಂದೊಂದು ಸಾಲೂ ಅವರಿಲ್ಲದ ಹೊತ್ತಿನಲ್ಲಿ ನನ್ನ ಕೈ ಹಿಡಿದು ನಡೆಸಿತು.

ಅವರ ಪುಸ್ತಕದ ಕೊನೆಯ ಸಾಲು ಹೀಗಿದೆ: ‘ದೀಪಾವಳಿ, ತಂಗಿ ಸೀರೆ, 3,000’. ಪಲ್ಲಡದಲ್ಲಿರುವ ನನ್ನ ನಾದಿನಿಗೆ ಮದುವೆಯಾದ ವರ್ಷದಿಂದ ಒಂದು ವರ್ಷವೂ ತಪ್ಪದೆ ಅಣ್ಣನ ಸೀರೆ ಹೋಗುತ್ತಿತ್ತು. ಆ ವರ್ಷ ಮಾತ್ರ ಪಕ್ಕದಲ್ಲಿ ರೈಟು ಬಿದ್ದಿರಲಿಲ್ಲ.

ಸೂತಕದ ವರ್ಷ ನಾವು ಹಬ್ಬ ಮಾಡಲಿಲ್ಲ. ಮರುವರ್ಷ ಸೀರೆ ತೆಗೆದುಕೊಂಡು ಮಗನ ಜೊತೆ ಪಲ್ಲಡಕ್ಕೆ ಹೋದೆ. ಪುಸ್ತಕವನ್ನೂ ಚೀಲದಲ್ಲಿ ಇಟ್ಟುಕೊಂಡಿದ್ದೆ. ಸೀರೆ ಮಡಿಲಲ್ಲಿಟ್ಟುಕೊಂಡು ಅವಳು ಆ ಸಾಲನ್ನು ಓದಿದಳು, ಅಣ್ಣನ ಅಕ್ಷರದ ಮೇಲೆ ಬೆರಳಾಡಿಸಿದಳು. ಮಗ ಜೇಬಿನಿಂದ ಕೆಂಪು ಪೆನ್ನು ತೆಗೆದುಕೊಟ್ಟ. ರೈಟು ಹಾಕಿದವಳು ಅವಳೇ.